ಆಕಾಶನೀಲಿ ಅಂಗಿಯವರು

ಮಾರ್ಚ್ 4

ಬೆಳಿಗ್ಗೆಯಿಂದ ಮತ್ತೆ ಅದೇ ಸೆಕ್ಯೂರಿಟಿ ಏಜೆನ್ಸಿಯ ಲೋಗೋ ತಿದ್ದುವ ಕೆಲಸ. ಹಳೆಯದು ಕೆಂಪು-ಕಪ್ಪು, ನಡುವೆ ಮುಷ್ಟಿ. ನೋಡಿದರೆ ಕಪಾಳಕ್ಕೆ ಬಾರಿಸಿದ ಹಾಗೆ!

ಏಜೆನ್ಸಿಯವನು ಹಲ್ಲುಕಡ್ಡಿ ಕಚ್ಚಿಕೊಂಡೇ ಹೇಳಿದ: "ನಮ್ಮ ಹುಡುಗ್ರನ್ನ ಕಂಡ್ರೆ ಜನ ಬಾಗಿಲೇ ತೆಗಿಯಲ್ಲ ಮೇಡಂ. ತೆಗೀಬೇಕು, ಅಷ್ಟೇ."

ಕೆಂಪು ಕಂಡರೆ ಎದೆ ಢವಢವ. ಆಕಾಶನೀಲಿ ಕಂಡರೆ ನಂಬಿಕೆ. ಬದಲಿಸಿದೆ. ಮುಷ್ಟಿ ಕಿತ್ತುಹಾಕಿದೆ, ಅಕ್ಷರಗಳ ಮೂಲೆ ಗುಂಡಗೆ ಮಾಡಿದೆ. ಅಂಗಿಗೂ ಅದೇ ಬಣ್ಣ.

ಮಾರ್ಚ್ 9

ಓಕೆ ಆಯಿತು. ಸ್ಯಾಂಪಲ್ ಅಂಗಿ ಮನೆಗೆ ತಂದೆ. ಅಣ್ಣ ತೊಟ್ಟುಕೊಂಡು ಸೆಲ್ಯೂಟ್ ಹೊಡೆದ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

"ಪೋಲಿ ನನ್ಮಗನೂ ಒಳ್ಳೇ ಮನೆತನದೋನ ಥರ ಕಾಣ್ತಾನಲ್ಲೇ ಇದ್ರಲ್ಲಿ" ಅಂದಳು ಅಮ್ಮ.

ಏಪ್ರಿಲ್ 17, ಆಸ್ಪತ್ರೆ

ಅಣ್ಣನ ದವಡೆ ಮುರಿದಿದೆ.

ಅವನ ಗಡಿಯಾರ ರಿಪೇರಿ ಅಂಗಡಿ ಖಾಲಿ ಮಾಡಿಸಬೇಕೆಂದು ಕಟ್ಟಡದ ಮಾಲೀಕ ಜನ ಕಳಿಸಿದ್ದ. ಷಟರ್ ಎಳೆದುಕೊಂಡು ಒಳಗೇ ಕೂತಿದ್ದನಂತೆ. ಸಂದಿಯಲ್ಲಿ ನೀಲಿ ಅಂಗಿ ಕಂಡಿತು... ತಾನೇ ಎತ್ತಿದ. ರಾಡಿನಿಂದ ಬಾರಿಸಿದ್ದಾರೆ. ಬಿದ್ದ ಮೇಲೂ ಮುಖಕ್ಕೇ ಒದ್ದಿದ್ದಾರೆ. ಮುರಿದ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದ, ಪಾಪ.

ಬ್ಯಾಂಡೇಜಿನೊಳಗಿಂದಲೇ ಗೊಣಗಿದ: "ನಿನ್ನ ಅಂಗಿ ಅಲ್ವೇನೇ... ಅದಕ್ಕೇ ತೆಗ್ದೆ."

ಅಮ್ಮನಿಗೆ ಬೈಕಿನಿಂದ ಬಿದ್ದ ಎಂದಿದ್ದೇವೆ. ಬಿಪಿ ಅವಳಿಗೆ.

ಏಪ್ರಿಲ್ 18, ಮಧ್ಯಾಹ್ನ

ಮನೆಗೆ ಬಂದು ಮುಂಬಾಗಿಲ ಚಿಲಕ ಹಾಕಿ ಕೂತಿದ್ದೇನೆ. ಬರೆದರೆ ತಲೆ ತಣ್ಣಗಾದೀತು.

ಏಜೆನ್ಸಿಗೆ ಹೋಗಿದ್ದೆ, ಉಗಿದು ಬರೋಣವೆಂದು. ಆ ಹಲ್ಲುಕಡ್ಡಿಯವನೂ ಅದೇ ನೀಲಿ ತೊಟ್ಟು ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ, "ನಿಮ್ಮ ಕೈಗುಣ ಮೇಡಂ! ಈಗ ಬಾಗಿಲು ಒಡೆಯೋ ಕೆಲ್ಸಾನೇ ಇಲ್ಲ. ಅವರೇ ತೆಗೀತಾರೆ" ಎಂದು ಹಲ್ಲು ಕಿರಿದ.

ಟೇಬಲ್ ಮೇಲಿನ ಗಾಜಿನ ಪೇಪರ್‌ವೇಟ್ ಎತ್ತಿ ಮುಖಕ್ಕೆ ಅಪ್ಪಳಿಸಿದೆ. ಮೂಗಿನ ಎಲುಬು ಲಟಕ್ಕೆಂದಿತು. ಆ ನೀಲಿಯ ಮೇಲೆ ರಕ್ತ ಕಪ್ಪಗೆ ಕಾಣುತ್ತದೆ — ಯಾವ ಶೇಡ್ ಕಾರ್ಡಿನಲ್ಲೂ ನೋಡಿರಲಿಲ್ಲ. ಖುಷಿಯಾಯಿತು. ಹೌದು, ಖುಷಿಯೇ. ಇನ್ನೊಂದು ಬಾರಿಸಿದೆ.

ಮೆಟ್ಟಿಲಿಳಿದು ಓಡುವಾಗ ಮೇಲಿಂದ ಅರಚಿದ: "ಅವಳ ಮನೆ ಎಲ್ಲಿದೆ ನೋಡ್ರೋ!"

ಇದಿಷ್ಟು ಬರೆದು ಅಮ್ಮನಿಗೆ ಎಲ್ಲ ಹೇಳಿಬಿಡಬೇಕು. ಬಿಪಿ ಏರಿದರೆ ಏರಲಿ. ಅವಳನ್ನು ಚಿಕ್ಕಮ್ಮನ ಮನೆಗೆ —

ಬೆಲ್.

ಅಮ್ಮ ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದಾಳೆ. "ಲೇ, ನಿನ್ನ ನೀಲಿ ಅಂಗಿಯೋರು ಕಣೇ! ನೀನು ಬರ್ಕೋ, ನಾನೇ ತೆಗೀ