ಡ್ರಾಯರಿನಲ್ಲಿ ಉಳಿದ ಹನುಮಂತರಾಯನ ವರದಿ

ಮಾನ್ಯ ಆಸ್ಪತ್ರೆ ಸೂಪರಿಂಟೆಂಡೆಂಟ್ ಸಾಹೇಬರೇ,

ನಿಮ್ಮ ಗುಪ್ತರೋಗ ವಿಭಾಗದ ಡ್ರಾಯರಿನಲ್ಲಿ ನನ್ನ ಗಂಡನ ರಕ್ತದ ವರದಿ ಎರಡೂವರೆ ವರ್ಷ ಬಿದ್ದಿತ್ತು. ಅದು ಅಲ್ಲೇ ಬಿದ್ದಿದ್ದಕ್ಕೆ ನನ್ನ ಎರಡು ವರ್ಷದ ಮಗಳ ರಕ್ತದಲ್ಲಿ ಇವತ್ತು ಹೆಪಟೈಟಿಸ್ ಬಿ ವೈರಸ್ ಇದೆ. ಇದನ್ನು ಮೊದಲ ಸಾಲುಗಳಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ಕಾಗದವನ್ನು ಕೊನೆಯವರೆಗೆ ಓದುವ ರೂಢಿ ನಿಮ್ಮಲ್ಲಿಲ್ಲ.

ನನ್ನ ಗಂಡ ಪ್ರಹ್ಲಾದ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ನೌಕರರು. ಅವರು ಎಲ್ಲಿಂದ ಆ ರೋಗ ತಂದರೆಂಬ ವಿಚಾರಣೆ ನಮ್ಮ ಮನೆಯಲ್ಲಿ ಬೇರೆ ನಡೆದಿದೆ, ಅದು ಬೇಗ ಮುಗಿಯುವಂಥದ್ದೂ ಅಲ್ಲ. ಅವರು ನಿಮ್ಮಲ್ಲಿಗೆ ಬಂದ ದಿನ, ಇಲ್ಲಿ ಯಾರೂ ನಿಜವಾದ ಹೆಸರು ಹೇಳುವುದಿಲ್ಲ, ಬಾಯಿಗೆ ಬಂದದ್ದು ಬರೆಸಿ ಎಂದು ನಿಮ್ಮ ಗುಮಾಸ್ತನೇ ಹೇಳಿಕೊಟ್ಟನಂತೆ. ಇವರು ಹನುಮಂತರಾಯ ಎಂದು ಬರೆಸಿದರು. ರೋಗಿಯ ಮಾನ ಕಾಯುವುದರಲ್ಲಿ ನಿಮ್ಮ ಇಲಾಖೆಯದು ಎಂಥ ದೊಡ್ಡ ಮನಸ್ಸು! ವೈದ್ಯರು ಸಿಫಿಲಿಸ್ ಎಂದು ಇಂಜೆಕ್ಷನ್ ಕೊಟ್ಟರು, ರಕ್ತ ತೆಗೆದರು, ಮುಂದಿನ ವಾರ ಹೆಂಡತಿಯನ್ನೂ ಕರೆತರಲು ಹೇಳಿದರು.

ಬಂದೆವು. ಗಂಡಸರ ಬೆಂಚು ಆಚೆ, ಹೆಂಗಸರದು ಈಚೆ. ಚೀಟಿಗೆ ಸಂಖ್ಯೆ ಹಾಕಿ ಕೊಟ್ಟಿದ್ದರೂ ಜವಾನ ಬಾಗಿಲಲ್ಲಿ ನಿಂತು ಸುಳ್ಳು ಹೆಸರುಗಳನ್ನೇ ಕೂಗುತ್ತಿದ್ದ. ಹನುಮಂತರಾಯ ಎಂದು ಮೂರು ಸಲ ಕೂಗಿದ. ನನ್ನ ಗಂಡ ಏಳಲಿಲ್ಲ. ನಮ್ಮನ್ನು ಬಲ್ಲ ಗುಲ್ಬರ್ಗಾದ ಸಿದ್ದರಾಮಪ್ಪ ಅದೇ ಬೆಂಚಿನಲ್ಲಿ ಕುಳಿತಿದ್ದರು.

"ಸಿದ್ದರಾಮಪ್ಪನವರು ಬಾಜೂಕ ಕುಂತಿದ್ರು, ಹ್ಯಾಂಗ ಏಳಲಿ?" ಎಂದು ಮೊನ್ನೆ ನನ್ನೆದುರು ಒಪ್ಪಿಕೊಂಡರು.

"ಅವರೇನು ಅಲ್ಲಿ ಪ್ರಸಾದಕ್ಕ ಕುಂತಿದ್ರೇನ್ರಿ?" ಎಂದು ಕೇಳಿದೆ.

ಅವರು ಹೇಡಿ, ಒಪ್ಪುತ್ತೇನೆ. ನೀವು ಯಾರು? ಅವತ್ತೇ ನನ್ನನ್ನು ಒಳಗೆ ಕರೆದಿರಿ, ನಾಲ್ಕು ತಿಂಗಳ ಬಸುರಿ ಎಂದು ಬರೆದುಕೊಂಡಿರಿ, ಗಂಡನ ಚೀಟಿಯ ಸಂಖ್ಯೆಯನ್ನು ನನ್ನ ಚೀಟಿಯ ಮೇಲೂ ಹಾಕಿದಿರಿ, ಇಂಜೆಕ್ಷನ್ ಕೊಟ್ಟು ಕಳಿಸಿದಿರಿ. ಅದೇ ಸಂಖ್ಯೆಯ ವರದಿ ಅದೇ ಕೋಣೆಯಲ್ಲಿತ್ತು. ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು: ಹೆಪಟೈಟಿಸ್ ಬಿ ಇದೆ, ಹೆಂಡತಿಗೂ ಪರೀಕ್ಷೆ ಮಾಡಿಸಿ. ಒಂದು ರೋಗ ಬಂದ ದಾರಿಯಲ್ಲೇ ಇನ್ನೊಂದೂ ಬರುತ್ತದೆಂದು ನಿಮಗೆ ನಾನು ಕಲಿಸಬೇಕೆ? ಐದು ತಿಂಗಳ ನಂತರ ನಿಮ್ಮದೇ ಹೆರಿಗೆ ವಾರ್ಡಿನಲ್ಲಿ ಮಗಳು ಹುಟ್ಟಿದಳು. ಹುಟ್ಟಿದ ದಿನವೇ ಲಸಿಕೆ ಹಾಕಿದ್ದರೆ ಬಹುಮಟ್ಟಿಗೆ ತಪ್ಪುತ್ತಿತ್ತು ಎಂದು ನಮ್ಮನ್ನು ಈಗ ನೋಡುತ್ತಿರುವ ಅಬಿಡ್ಸಿನ ಡಾಕ್ಟರು ಹೇಳಿದರು. ಆ ಲಸಿಕೆ ಇದೇ ಹೈದರಾಬಾದಿನಲ್ಲಿ ತಯಾರಾಗುತ್ತದೆ, ಸಾಹೇಬರೇ.

ಹೋದ ತಿಂಗಳು ಗಂಡನ ಕಣ್ಣು ಹಳದಿಯಾದಾಗ ನಮ್ಮ ಮೂವರ ರಕ್ತ ನೋಡಿಸಿದೆವು. ಮೂವರಲ್ಲೂ ಅದೇ. ಹಳೆಯ ಚೀಟಿ ಹಿಡಿದು ನಿಮ್ಮಲ್ಲಿಗೆ ಬಂದೆ. ಹೊಸ ನರ್ಸಮ್ಮ ಡ್ರಾಯರಿನಿಂದ ಒಂದು ಕಟ್ಟು ತೆಗೆದರು. ಯಾರೂ ಒಯ್ಯದ ನಲವತ್ತೊಂದು ವರದಿಗಳಿದ್ದವು, ಇವರದೂ ಅದರಲ್ಲಿತ್ತು. ಅದನ್ನು ಹಿಡಿದು ನಾನು ತಮ್ಮ ಬಳಿ ಬಂದಾಗ ತಾವು, ರೋಗಿಯೇ ಸುಳ್ಳು ಹೆಸರು ಕೊಟ್ಟರೆ ಆಸ್ಪತ್ರೆ ಹೊಣೆಯಲ್ಲ ಎಂದು ಅಪ್ಪಣೆ ಕೊಡಿಸಿದಿರಿ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ.

ಈ ಪತ್ರಕ್ಕೆ ಹೆಸರು ಹಾಕಬೇಡವೆಂದು ಅತ್ತೆ ಸುಂದರಾಬಾಯಿ ಕೈಮುಗಿದು ಅತ್ತರು. ಮಾನ ಕಾಯಲು ಹೋಗಿಯೇ ಈ ಗತಿ ಬಂದಿದೆ, ಇನ್ನು ಕಾಯುವುದು ನನ್ನಿಂದಾಗದು.

ಆ ನಲವತ್ತೊಂದು ಚೀಟಿಗಳ ಸಂಖ್ಯೆಗಳನ್ನು ತೆಲುಗು, ಉರ್ದು, ಕನ್ನಡ ಪತ್ರಿಕೆಗಳಲ್ಲಿ ಪ್ರಕಟಿಸಿ. ಅವರ ಹೆಂಡಂದಿರನ್ನು, ಮಕ್ಕಳನ್ನು ಕರೆಸಿ ಪರೀಕ್ಷಿಸಿ. ಅವರಲ್ಲಿ ಯಾರೋ ಇವತ್ತೂ ಬಸುರಿಯಿರಬಹುದು. ಮೂವತ್ತನೆಯ ತಾರೀಖು ತಮ್ಮ ನಿವೃತ್ತಿ ಸನ್ಮಾನವೆಂದು ಕೇಳಿದೆ. ಅಷ್ಟರೊಳಗೆ ಇದಾಗದಿದ್ದರೆ ಮಗಳನ್ನು ಎತ್ತಿಕೊಂಡು ವೇದಿಕೆಗೆ ಬರುತ್ತೇನೆ. ನೀವು ಶಾಲು ಹೊದ್ದು ಕುಳಿತ ಮೇಲೆ ಅವಳನ್ನು ನಿಮ್ಮ ತೊಡೆಯ ಮೇಲೆ ಕೂರಿಸಿ, ಮೈಕಿನಲ್ಲಿ ಆ ವರದಿ ಓದುತ್ತೇನೆ. ಅವಳಿಗೆ ಹೊಸಬರ ಭಯವಿಲ್ಲ, ಅಳುವುದಿಲ್ಲ.

ಇಂತಿ,
ಸೂಜಿ ಚುಚ್ಚಿಸಿಕೊಂಡು, ಏನೂ ಕೇಳದೆ ಮನೆಗೆ ಹೋದ ಮೂರ್ಖಳು
ಗೋದಾವರಿ ಪ್ರಹ್ಲಾದ
ತಾರ್ನಾಕ, ಹೈದರಾಬಾದ್