ನಾಲ್ಕು ಕಿಲೋ ಕ್ಯಾಮೆರಾ, ಮೂವತ್ತೆಂಟು ದಿನ

ಏಪ್ರಿಲ್ 11, ಸಂಜೆ 4:30

ಮೂರನೇ ಸಲ ತೂಗಿದೆ. ಹಾಸ್ಟೆಲ್ ಮೆಸ್‌ನ ತರಕಾರಿ ತಕ್ಕಡಿಯಲ್ಲೇ. ಕ್ಯಾಮೆರಾ ಬಾಡಿ 650 ಗ್ರಾಂ. ವೈಡ್ ಲೆನ್ಸ್ 420. ಐವತ್ತು ಎಂಎಂ ಲೆನ್ಸ್ 180. ಉದ್ದದ ಜೂಮ್ 750. ಟ್ರೈಪಾಡ್ 1300. ಬ್ಯಾಟರಿ, ಚಾರ್ಜರ್, ಚಿಲ್ಲರೆ ಸಾಮಾನು 700. ಹೇಗೆ ಕೂಡಿದರೂ ನಾಲ್ಕು ಕಿಲೋ.

ಅಡುಗೆಯವರು ಪಾತ್ರೆ ಉಜ್ಜೋದು ಬಿಟ್ಟು ಬಂದು ನೋಡಿದರು. "ಏನಮ್ಮಾ, ಇದಕ್ಕೆ ಎಷ್ಟು ವಿಷಲ್ ಕೂಗಿಸ್ಬೇಕು?" ನಕ್ಕೆ. ಒಂದು ಸೆಕೆಂಡ್ ಲೇಟಾಗಿ. ನಂದು ಯಾವಾಗಲೂ ಲೇಟೇ.

ಮೇ 9ಕ್ಕೆ ಹೊರಡೋದು. ನಾನು, ಜಿಂಕೆ. ನದಿ ಹುಟ್ಟೋ ಜಾಗದಿಂದ ಸಮುದ್ರ ಸೇರೋವರೆಗೆ, ಮೂವತ್ತೆಂಟು ದಿನ, ನಡ್ಕೊಂಡೇ. ಜಿಂಕೆ ನನ್ನ ರೂಮ್‌ಮೇಟ್ — ಮೆಟ್ಟಿಲನ್ನ ಎರಡೆರಡಾಗಿ ಹತ್ತುತ್ತಾಳೆ ಅಂತ ಫ್ಲೋರ್‌ನವರು ಇಟ್ಟ ಹೆಸರು. ಪ್ಲಾನ್ ಅವಳದ್ದು. ಫಸ್ಟ್ ಸೆಮ್‌ನಲ್ಲಿ ಒಂದು ಸಂಜೆ ಮ್ಯಾಪ್ ಹರಡಿಕೊಂಡು "ಬರ್ತೀಯಾ?" ಅಂದಿದ್ದಳು. ಆವತ್ತು ಬೆಳಿಗ್ಗೆಯಿಂದ ಯಾರ ಹತ್ತಿರವೂ ಮಾತಾಡಿರಲಿಲ್ಲ ನಾನು. ಗಂಟಲು ಸರಿಮಾಡಿಕೊಂಡು "ಹೂಂ" ಅನ್ನಬೇಕಾಯಿತು.

ಬ್ಯಾಗ್ ತಲಾ ಒಂಬತ್ತು ಕಿಲೋ ದಾಟಬಾರದು. ಅದೂ ಅವಳ ರೂಲ್.

ಏಪ್ರಿಲ್ 14

ಜಿಂಕೆ ನನ್ನ ಲಿಸ್ಟ್ ನೋಡಿದಳು. "ಮೂರು ಲೆನ್ಸ್ ಯಾಕೆ ತಾಯಿ? ಕಣ್ಣಿರೋದೇ ಎರಡು."

ವೈಡ್ — ಬೆಟ್ಟಕ್ಕೆ. ಐವತ್ತು — ಕಮ್ಮಿ ಬೆಳಕಿಗೆ. ಜೂಮ್ — ಹಕ್ಕಿಗೆ ಅಂದೆ.

ಸುಳ್ಳು. ಒಂದು ಹಕ್ಕಿಯನ್ನೂ ತೆಗೆದಿಲ್ಲ ಇದುವರೆಗೆ. ದೊಡ್ಡಪ್ಪ ಈ ಹಳೇ ಸೆಟ್ಟು ಕೊಟ್ಟಾಗಿನಿಂದ ಜೂಮ್‌ನಲ್ಲಿ ತೆಗೆದಿರೋದೆಲ್ಲ ಜನ. ಬಸ್ ಸ್ಟಾಪ್, ಕ್ಯಾಂಟೀನ್, ಎದುರು ಬಿಲ್ಡಿಂಗ್‌ನ ಟೆರೇಸ್. ಅವರಿಗೆ ಗೊತ್ತಾಗದ ಹಾಗೆ. ಸ್ಕೂಲ್ ಹಾಸ್ಟೆಲ್‌ನಲ್ಲೂ ಹಾಗೇ... ಸಂಡೇ ಬೇರೆಯವರ ಅಪ್ಪ ಅಮ್ಮ ಬಂದಾಗ ಫಸ್ಟ್ ಫ್ಲೋರ್ ಕಿಟಕಿಯಲ್ಲಿ ನಿಂತು ನೋಡ್ತಿದ್ದೆ. ಆಗ ಕ್ಯಾಮೆರಾ ಇರಲಿಲ್ಲ, ಅಷ್ಟೆ.

ಟ್ರೈಪಾಡ್‌ಗೂ ಬೈಸಿಕೊಂಡೆ. "ನಾನು ತೆಗೀತೀನಲ್ಲೇ ನಿನ್ನ ಫೋಟೋ. ಮೂರು ಕಾಲಿನ ಕೋಲನ್ನ ಯಾಕೆ ಮೆರವಣಿಗೆ ಮಾಡಿಸ್ತೀಯ?"

ಆದರೂ ಲಿಸ್ಟ್‌ನಿಂದ ತೆಗೆಯಲಿಲ್ಲ. ಅವಳಿಗೆ ಸುಸ್ತಾಗಿದ್ದರೆ? ಮೂಡ್ ಇಲ್ಲದಿದ್ದರೆ? ದಿನಾ ಕೇಳೋಕಾಗುತ್ತಾ.

ಏಪ್ರಿಲ್ 19

ಜೂಮ್‌ನ ಗ್ಲಾಸ್ ಒಳಗೆ ಫಂಗಸ್. ಕ್ಯಾಮೆರಾ ರಿಪೇರಿ ಅಂಗಡಿಗೆ ಹೋಗಿದ್ದೆ. ಎರಡು ಕುರ್ಚಿ ಹಾಕಿದರೆ ಬಾಗಿಲು ಮುಚ್ಚೋಕಾಗದ ಅಂಗಡಿ. ಅಲ್ಲಿನ ತಾತ ಲೆನ್ಸ್ ಬಿಚ್ಚಿ, ಒರೆಸಿ, ಟೆಸ್ಟಿಗೆ ಅಂತ ನನ್ನ ಕಾರ್ಡನ್ನೇ ಹಾಕಿ ಹಳೇ ಫೋಟೋಗಳನ್ನೆಲ್ಲ ತಿರುವಿದರು. ಬೇಡ ಅನ್ನೋಷ್ಟರಲ್ಲಿ ಇನ್ನೂರು ಮುಗಿದಿತ್ತು.

"ಚೆನ್ನಾಗಿದೆ ಮಗಳೇ. ಆದ್ರೆ ಒಬ್ರೂ ನಿನ್ನ ಕಡೆ ನೋಡ್ತಿಲ್ಲವಲ್ಲ?"

ಕ್ಯಾಂಡಿಡ್ ಅಂದೆ. "ಹಂಗಂದ್ರೆ?" ಅಂದರು. ಕನ್ನಡದಲ್ಲಿ ಹೇಳೋಕೆ ಬರಲಿಲ್ಲ.

ಏಪ್ರಿಲ್ 20

ಸಿಕ್ತು ದಾರಿ. ಹಂಚಿಕೊಂಡರೆ ಆಯಿತು. ಜಿಂಕೆ ಬ್ಯಾಗ್ ಏಳು ಕಿಲೋ ಕೂಡ ಇಲ್ಲ — ಫೋನ್, ಎರಡು ಜೊತೆ ಬಟ್ಟೆ, ಟೆಂಟ್. ಜಾಗ ದಂಡಿಯಾಗಿದೆ.

ಚಾರ್ಟ್ ಮಾಡಿ ಕಬೋರ್ಡ್ ಬಾಗಿಲಿಗೆ ಅಂಟಿಸಿದೆ. ಬೆಡ್ 1: ಬಾಡಿ, ವೈಡ್, ಐವತ್ತು, ಚಿಲ್ಲರೆ. 1950 ಗ್ರಾಂ. ಬೆಡ್ 2: ಜೂಮ್, ಟ್ರೈಪಾಡ್. 2050. ಹನ್ನೊಂದು ವರ್ಷ ಸ್ಕೂಲ್ ಹಾಸ್ಟೆಲ್‌ನಲ್ಲಿ ಡ್ಯೂಟಿ ಚಾರ್ಟ್ ಬರೆದ ಕೈ, ಸ್ಕೇಲ್ ಇಲ್ಲದೆ ನೇರ ಗೆರೆ ಬಂತು. ತುಂಬಾ ದಿನದ ಮೇಲೆ ಮನಸ್ಸು ಹಗುರ.

ಏಪ್ರಿಲ್ 21

ಜಿಂಕೆ ಓದಿದಳು. ಟವೆಲ್ ಹೆಗಲ ಮೇಲೇ ಇತ್ತು.

"ಬೆಡ್ ಎರಡು ಅಂದ್ರೆ ನಾನಾ?"

ಹೂಂ. ಸ್ಕೂಲ್ ಹಾಸ್ಟೆಲ್ ಸಿಸ್ಟಮ್ ಅದು. ಹೆಸರು ಬರೆಯಲ್ಲ.

"ನನ್ನ ಕೇಳಿದ್ಯಾ?"

ಕೇಳೋದಾ? ಚಾರ್ಟ್‌ನಲ್ಲಿ ಯಾರೂ ಯಾರನ್ನೂ ಕೇಳಲ್ಲ. ಬರೀತಾರೆ, ಮಾಡ್ತಾರೆ. ಅದನ್ನೇ ಹೇಳಿದೆ.

"ನನ್ನ ಜೊತೆ ಹೋಗ್ತಿದೀಯೋ, ನನ್ನ ಮೇಲೆ ಹೇರ್ಕೊಂಡು ಹೋಗ್ತಿದೀಯೋ?"

ನಕ್ಕುಬಿಟ್ಟಿದ್ದರೆ ಮುಗೀತಿತ್ತು. ನಾನು ಅಂದದ್ದು — "ನೂರು ಗ್ರಾಂ ಜಾಸ್ತಿ ಬಂದಿದೆ ಅಂತ ಗೊತ್ತು ಕಣೇ, ಅಡ್ಜಸ್ಟ್ ಮಾಡ್ತೀನಿ."

ಮುಖ ನೋಡಿದಳು. ಸ್ನಾನಕ್ಕೆ ಹೋದಳು.

ಏಪ್ರಿಲ್ 30

ಎಕ್ಸಾಮ್ ಮುಗೀತು. ಮಾತು ಇದೆ. ಫ್ಯಾನ್ ಹಾಕ್ಲಾ, ಲೈಟ್ ಆರಿಸ್ಲಾ, ಬಕೆಟ್ ಕೊಡು — ಅಷ್ಟು. ಟ್ರಿಪ್ ಸುದ್ದಿ ಇಬ್ಬರೂ ಎತ್ತಲ್ಲ.

ಇವತ್ತು ಜಡೆ ಹಾಕಿಕೊಳ್ತಾ ಕನ್ನಡಿಗೆ ಹೇಳಿದ ಹಾಗೆ ಹೇಳಿದಳು, "ಎಂಟನೇ ತಾರೀಕು ಅಕ್ಕನ ಮನೆಗೆ ಹೋಗ್ತಿದೀನಿ. ಟಿಕೆಟ್ ಆಗಿದೆ. ಟೆಂಟ್ ನೀನೇ ಇಟ್ಕೋ."

ಓಕೆ ಅಂದೆ. ಓಕೆ ಅಂತೆ ಓಕೆ.

ಸಂಜೆ ಅಮ್ಮನ ಫೋನ್. "ಅವಳು ಬರ್ತಾಳಲ್ವೇನೇ? ಒಬ್ಬಳೇ ಆದ್ರೆ ನಂಗೆ ನಿದ್ದೆ ಬರಲ್ಲ ನೋಡು."

"ಬರ್ತಾಳಮ್ಮ."

ಮೇ 2

ಒಬ್ಬಳಿಗೆ ಪ್ಯಾಕ್ ಮಾಡಿದೆ. ಟೆಂಟ್ ಸೇರಿ ಹನ್ನೊಂದೂವರೆ ಕಿಲೋ. ಹೆಗಲಿಗೇರಿಸಿ ಮೂರು ಫ್ಲೋರ್ ಹತ್ತೋಕೆ ಹೊರಟೆ. ಎರಡನೆಯದರಲ್ಲೇ ಸಾಕಾಯಿತು. ಮೆಟ್ಟಿಲ ಮೇಲೇ ಕೂತೆ. ಮೇಲಿಂದ ಬಂದವರು ಸುತ್ತಿಕೊಂಡು ಇಳಿದು ಹೋದರು.

ಏನಾದರೂ ಬಿಡಲೇಬೇಕು. ಟ್ರೈಪಾಡ್? ಈಗಂತೂ ಅದೇ ಮೊದಲು ಬೇಕು, ಇನ್ಯಾರು ತೆಗೀತಾರೆ ನನ್ನ. ಟೈಮರ್ ಇಟ್ಟು ರೂಮಲ್ಲೇ ಟ್ರೈ ಮಾಡಿದೆ. ಹತ್ತು ಸೆಕೆಂಡ್. ಓಡಿ ಬಂದು ನಿಂತೆ. ಬಂತು ಫೋಟೋ: ನಾನು, ಬೆಡ್ 1, ಅಟೆನ್ಷನ್‌ನಲ್ಲಿ.

ಡಿಲೀಟ್.

ಮೇ 5

ಅಪಾಲಜಿ ಲೆಟರ್ ಬರೆದೆ. ಸ್ಕೂಲ್‌ನಲ್ಲಿ ಮಾಡುತ್ತಿದ್ದ ಹಾಗೆ. 'ಇನ್ನು ಮುಂದೆ ಇಂಥ ತಪ್ಪು ನಡೆಯದಂತೆ ನೋಡಿಕೊಳ್ಳುತ್ತೇನೆ' ಅನ್ನೋವರೆಗೆ ಬಂದು ಹರಿದೆ. ಇದನ್ನ ವಾರ್ಡನ್ ಬೇಕಾದರೆ ಫೈಲ್ ಮಾಡಬಹುದು. ಜಿಂಕೆ ಏನು ಮಾಡ್ತಾಳೆ?

ಅವಳು ಒಗೆದ ಬಟ್ಟೆ ಹರವುತ್ತಿದ್ದಳು. ಬಕೆಟ್‌ನಿಂದ ಒಂದೊಂದೇ ಎತ್ತಿಕೊಟ್ಟೆ. ನಾಲ್ಕನೇ ಬಟ್ಟೆಗೆ ಬಾಯಿ ಬಂತು.

"ಕೇಳ್ಬೇಕಿತ್ತು ನಿನ್ನ. ಬರೆಯೋಕೆ ಮುಂಚೆ."

"ಹೂಂ." ಕ್ಲಿಪ್ ಹಾಕಿದಳು. "ಅದನ್ನ ಹೇಳೋಕೆ ಹದಿನಾಲ್ಕು ದಿನ ಬೇಕಾಯ್ತಾ? ನಾನು ಮೂರು ದಿನ ಕಾದೆ ಕಣೇ. ಆಮೇಲೆ ಟಿಕೆಟ್ ಮಾಡ್ದೆ."

"ಕ್ಯಾನ್ಸಲ್..."

"ಅಕ್ಕ ಒಬ್ಬಳೇ ಇದಾಳೆ. ಮಾತು ಕೊಟ್ಟಾಗಿದೆ."

ಕೋಪ ಇರಲಿಲ್ಲ ಅವಳ ದನಿಯಲ್ಲಿ. ಕೋಪ ಇದ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಬಂದು ನನ್ನ ಬ್ಯಾಗ್ ಎತ್ತಿ ನೋಡಿದಳು. ಸ್ಟ್ರ್ಯಾಪ್ ಎಳೆದು ಸರಿಮಾಡಿದಳು. "ಇದನ್ನ ಹೊತ್ರೆ ಮೂರನೇ ದಿನ ವಾಪಸ್ ಬರ್ತೀಯ. ಯಾವುದು ಇಲ್ಲದಿದ್ರೂ ನಡಿಯುತ್ತೆ, ನೋಡು."

ಮೇ 7

ಟ್ರೈಪಾಡ್, ಜೂಮ್, ವೈಡ್ — ಮೂರನ್ನೂ ರಿಪೇರಿ ತಾತನ ಹತ್ತಿರ ಬಿಟ್ಟು ಬಂದೆ. ಒಂದು ಬಾಡಿ, ಒಂದು ಐವತ್ತು. ಚಾರ್ಜರ್ ಒಂದು, ಬ್ಯಾಟರಿ ಎರಡು. ಎಂಟು ಕಿಲೋ ಒಂಬೈನೂರು.

"ಇದ್ರಲ್ಲಿ ಜೂಮ್ ಇಲ್ಲ," ಅಂದರು ತಾತ. "ಮುಖ ಬೇಕಂದ್ರೆ ಕಾಲು ಸವೆಸ್ಬೇಕು."

ಮೇ 8, ಮಧ್ಯಾಹ್ನ 2:00

ಜಿಂಕೆ ಹೋದಳು. ಬಸ್ ತಿರುಗೋವರೆಗೂ ನಿಂತಿದ್ದೆ. ಅವಳೂ ತಿರುಗಿ ನೋಡಿದಳು — ಅನ್ಸುತ್ತೆ. ಗ್ಲಾಸ್ ಮೇಲೆ ಬಿಸಿಲಿತ್ತು.

ಅಮ್ಮನಿಗೆ ಫೋನ್ ಮಾಡಿ ನಿಜ ಹೇಳಿದೆ. ಬೈತಾರೆ ಅಂದ್ಕೊಂಡೆ. ಆ ಕಡೆ ನಲ್ಲಿ ನಿಲ್ಲಿಸಿದ ಸದ್ದು.

"ನಾನು ಬೇಡ ಅಂದ್ರೆ ಕೇಳ್ತೀಯಾ?"

"ಕೇಳ್ತೀನಿ," ಅಂದೆ. ನಿಜವಾಗಿ. ಬೇಡ ಅಂದುಬಿಡಲಿ ಅಂತಲೂ ಇತ್ತು ಒಳಗೆ.

"ಹೋಗು. ಆದ್ರೆ ದಿನಾ ಸಂಜೆ ಒಂದು ಫೋಟೋ ಕಳ್ಸು. ಬೆಟ್ಟ ಗಿಟ್ಟ ಬೇಡ, ನಿಂದು."

"ಸೆಲ್ಫಿ ಕಳಿಸ್ತೀನಮ್ಮ."

"ಅದು ಬೇಡ. ಯಾರಾದ್ರೂ ತೆಗ್ದಿರೋದು. ಆ ಹೊತ್ತಲ್ಲಿ ನಿನ್ನ ಹತ್ರ ಒಬ್ರಿದ್ರು ಅಂತ ಗೊತ್ತಾಗ್ಬೇಕು ನಂಗೆ. ಒಂದು ದಿನ ತಪ್ಪಿದ್ರೂ ವಾಪಸ್ ಬರ್ಬೇಕು, ಆಯ್ತಾ?"

ಮೂವತ್ತೆಂಟು ದಿನ. ಮೂವತ್ತೆಂಟು ಜನರ ಹತ್ತಿರ ಹೋಗಿ ಬಾಯಿ ಬಿಡಬೇಕು. ಟ್ರೈಪಾಡ್ ವಾಪಸ್ ತಂದರೆ? ಅಮ್ಮನಿಗೇನು ಗೊತ್ತಾಗುತ್ತೆ... ಅಂಗಡಿವರೆಗೂ ಹೋದೆ. ತಾತ ಊಟಕ್ಕೆ ಹೋಗಿದ್ದರು. ಹತ್ತು ನಿಮಿಷ ನಿಂತೆ. ಬಂದುಬಿಟ್ಟೆ.

ಮೇ 9, ಸಂಜೆ 6:35

ನದಿ ಇಲ್ಲಿ ಒಂದೇ ನೆಗೆತಕ್ಕೆ ದಾಟೋವಷ್ಟು ಅಗಲ. ಬಸ್ ಇಳಿದು ನಾಲ್ಕು ಗಂಟೆ ನಡೆದೆ. ಹೆಗಲು ಉರೀತಿದೆ. ಟೆಂಟ್ ಹಾಕಿದೆ — ಇಬ್ಬರಿಗೆ ಮಾಡಿದ್ದು, ಅರ್ಧ ಖಾಲಿ.

ದಾರಿಯಲ್ಲಿ ಸಿಕ್ಕವರು ಐದು ಜನ. ಐವರ ಹತ್ತಿರವೂ ಕೇಳಲಿಲ್ಲ. ಮುಂದಿನವರನ್ನ ಕೇಳೋಣ, ಮುಂದಿನವರನ್ನ ಕೇಳೋಣ ಅಂತ.

ಈಗ ಉಳಿದಿರೋದು ಒಬ್ಬರೇ. ಆಚೆ ದಂಡೆಯಲ್ಲಿ ಬಂಡೆ ಮೇಲೆ ಒಣಗಿದ ಬಟ್ಟೆ ಮಡಚ್ತಿರೋ ಹೆಂಗಸು. ಅಮ್ಮನ ವಯಸ್ಸು ಇರಬಹುದು. ಏನಂತ ಶುರು ಮಾಡೋದು — ಆಂಟೀ? ಅಕ್ಕಾ? 'ಒಂದು ಫೋಟೋ ತೆಗೀತೀರಾ' — ಇಷ್ಟೇ. ಮೂರು ಪದ. ಹತ್ತು ಸಲ ಹೇಳಿಕೊಂಡೆ. ಬಟನ್ ಯಾವುದು ಅಂತ ತೋರಿಸಬೇಕಾಗುತ್ತೆ. ಹತ್ತಿರ ನಿಲ್ಲಬೇಕಾಗುತ್ತೆ.

ಬೆಳಕು ಇನ್ನು ಹತ್ತು ನಿಮಿಷ. ಸಿಗ್ನಲ್ ಒಂದು ಕಡ್ಡಿ.

ಬಟ್ಟೆ ಗಂಟು ಕಟ್ಟಿದರು. ತಲೆ ಮೇಲೆ ಇಟ್ಕೊಳ್ತಿದಾರೆ. ಹೊರಟರು ಅನ್ಸುತ್ತೆ. ಕೂಗಲಾ? ಇಲ್ಲ, ಎದ್ದು ಹೋಗಿ — ಶೂ ಬಿಚ್ಚಿಟ್ಟಿದೀನಿ, ಇರಲಿ, ಹಾಗೇ