ಕ್ಲಚ್ ಕಾಲು

ವಸ್ತಾರೆ
ಸೋಮವಾರ, 9 ಡಿಸೆಂಬರ್ 2024

ಪ್ರೀತಿಯ ಮಗಳು ನಾಗಶ್ರೀಗೆ,

ಅಮ್ಮನ ಆಶೀರ್ವಾದ. ಕೆಮ್ಮು ಕಡಿಮೆಯಾಯಿತೇ? ಲ್ಯಾಬಿನ ಏಸಿಗೆ ಸ್ವೆಟರ್ ಹಾಕಿಕೋ ಎಂದರೆ ನಗುತ್ತೀಯ, ನಗು. ಫೋನ್ ಬಿಟ್ಟು ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ನಾನು ಫೋನ್ ಹಿಡಿದರೆ ನಿಮ್ಮಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ. ಇದು ಅವರಿಗೆ ಕೇಳಿಸಬಾರದ ಮಾತು.

ನಿನ್ನ ತಮ್ಮ ಶಶಿಯ ಎಡ ಮೊಣಕಾಲಿನ ಊತ ಇನ್ನೂ ಹೆಚ್ಚಾಗಿದೆ. ಬಯಾಪ್ಸಿ ರಿಪೋರ್ಟ್ ಬಂತು. ಮೂಳೆಯ ಕೆಟ್ಟ ಕ್ಯಾನ್ಸರ್ ಇರಬಹುದು, ಅಷ್ಟು ಅಪಾಯವಲ್ಲದ ಇನ್ನೊಂದು ಗಡ್ಡೆಯೂ ಇರಬಹುದು, ನೋಡಲು ಎರಡೂ ಒಂದೇ ಥರ ಇವೆ ಎಂದರು ಡಾಕ್ಟರು. ನೀನು ಮೊನ್ನೆ ಹೇಳಿದ ಹಿಸ್ಟೋನ್ ಪರೀಕ್ಷೆಯನ್ನೇ ಅವರೂ ಹೇಳಿದರು. ನನಗೆ ಅರ್ಥವಾದದ್ದು ಇಷ್ಟು: ಜೀವಕೋಶದೊಳಗಿನ ಡಿಎನ್‌ಎ, ರೀಲಿಗೆ ನೂಲು ಸುತ್ತಿದ ಹಾಗೆ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ. ಆ ಹಿಸ್ಟೋನುಗಳಲ್ಲಿ ಎಚ್ 3.3 ಎಂಬ ಬೇರೆ ನಮೂನೆಯದೊಂದಿದೆ. ಅದರಲ್ಲಿ ಗೊತ್ತಾದ ಒಂದು ಜಾಗದಲ್ಲಿ ತಪ್ಪಾಗಿದ್ದರೆ ಇದು ಬಹುಮಟ್ಟಿಗೆ ಆ ಎರಡನೆಯ ಗಡ್ಡೆ. ಗಡ್ಡೆ ಕೆರೆದು ತೆಗೆದು ಆ ಜಾಗಕ್ಕೆ ಮೂಳೆಯ ಸಿಮೆಂಟ್ ತುಂಬುತ್ತಾರೆ, ಕಾಲು ಉಳಿಯುತ್ತದೆ. ಮಗನ ಮೈಯಲ್ಲಿ ತಪ್ಪಿರಲಿ ಎಂದು ದೇವರಿಗೆ ಹರಕೆ ಹೊತ್ತ ತಾಯಿ ನಾನೊಬ್ಬಳೇ ಇರಬೇಕು.

ನಿಮ್ಮಪ್ಪನಿಗೆ ಕಾಯುವ ವ್ಯವಧಾನವೇ ಇಲ್ಲ. "ಬೋರರ್ ಹುಳ ಬಿದ್ದ ಗಿಡ ಇಟ್ಕೊಂಡು ಕೂತ್ರೆ ಇಡೀ ತೋಟನೇ ಹೋಗುತ್ತೆ ಮಾರಾಯ್ತಿ. ಕಾಲು ಹೋಗ್ಲಿ, ಹುಡುಗ ಉಳೀಲಿ" ಎನ್ನುತ್ತಾರೆ. ಪರೀಕ್ಷೆ ಆಗಲಿ ಎಂದ ಡಾಕ್ಟರನ್ನು ಬಿಟ್ಟು, ಒಪ್ಪುವ ಇನ್ನೊಬ್ಬರನ್ನು ಹುಡುಕಿ, ಬರುವ ಸೋಮವಾರಕ್ಕೆ ಕಾಲು ತೆಗೆಸುವ ಆಪರೇಷನ್ ಗೊತ್ತು ಮಾಡಿಬಂದಿದ್ದಾರೆ. ಹೋದ ವರ್ಷ ಬೋರರ್ ಎಂದು ಇವರು ಕೀಳಿಸಿದ ಕಾಫಿ ಗಿಡಗಳನ್ನು ಸುಡುವ ಮೊದಲು ನಾನು ಸೀಳಿ ನೋಡಿದ್ದೆನಲ್ಲ, ಕೆಲವು ಗಿಡಗಳಲ್ಲಿ ಹುಳುವೇ ಇರಲಿಲ್ಲ. ಅದನ್ನು ನೆನಪಿಸಿದ್ದಕ್ಕೆ ನಿನ್ನೆಯಿಂದ ನನ್ನ ಜೊತೆ ಮಾತಿಲ್ಲ. ಶಶಿ ಮಾತ್ರ ಪಾರ್ಚ್‌ಮೆಂಟ್ ಕಾಫಿ ಮೂಟೆ ತುಂಬಿ ನಿಂತ, ತಾನು ಓಡಿಸುವ ಪಿಕಪ್ ಕಡೆ ನೋಡುತ್ತಾ, "ಕ್ಲಚ್ ಕಾಲಮ್ಮ ಇದು, ಸ್ಪೇರ್ ಸಿಗಲ್ಲ" ಎಂದು ನನ್ನನ್ನು ನಗಿಸಲು ನೋಡುತ್ತಾನೆ. ನನಗೆ ಭಯವಾಗುತ್ತಿದೆ ಮಗಳೇ. ಕಾದು ನೋಡಿ, ಅದು ಕೆಟ್ಟದ್ದೇ ಎಂದಾದರೆ, ತಡ ಮಾಡಿಸಿದವಳು ನಾನೇ ಆಗುತ್ತೇನೆ.

ಬಯಾಪ್ಸಿಯ ಚೂರಿರುವ ಮೇಣದ ಬ್ಲಾಕನ್ನು ಆಸ್ಪತ್ರೆಯಲ್ಲಿ ಕೇಳಿ ತಂದು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದೆ. ನಾಳೆ ಬೆಳಗಿನ ಬಸ್ಸಿಗೆ ಪಕ್ಕದ ಮನೆ ಮಲ್ಲೇಶನ ಕೈಯಲ್ಲಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ನೀನು ಹೇಳಿದ ಲ್ಯಾಬಿಗೆ ಕೂಡಲೇ ಕೊಡು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಕಲಿತದ್ದು ನಿನ್ನ ತಮ್ಮನಿಗೆ ಒದಗಿಬರಲಿ.

ನಿನ್ನ ಅಮ್ಮ,
ಶಿವಗಂಗಮ್ಮ

ವಿ.ಸೂ.: ಮಲ್ಲೇಶ ಬರುವುದಿಲ್ಲ. ಲಕೋಟೆ ಅಂಟಿಸುವಾಗ ನಿಮ್ಮಪ್ಪ ಬಂದುಬಿಟ್ಟರು. ಬ್ಲಾಕಿನ ಡಬ್ಬಿ ಕಿತ್ತುಕೊಂಡಾಗ ಎಲ್ಲ ಮುಗಿಯಿತು ಅಂದುಕೊಂಡೆ. "ಸುಡೋ ಮೊದ್ಲು ಒಮ್ಮೆ ಸೀಳಿ ನೋಡೋಣ ಅಂತ ಅಷ್ಟೇ" ಎಂದೆ. ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಆ ಗಿಡಗಳನ್ನ ಸುಮ್ನೆ ಕೀಳಿಸ್ಬಿಟ್ಟೆ ಅಲ್ವಾ?" ಎಂದರು. ಈಗ ಜೀಪಿಗೆ ಡೀಸೆಲ್ ಹಾಕಿಸಲು ಹೋಗಿದ್ದಾರೆ. ಬ್ಲಾಕನ್ನೂ ಈ ಕಾಗದವನ್ನೂ ಅವರೇ ತರುತ್ತಾರೆ. ಪರೀಕ್ಷೆಯ ಉತ್ತರ ಬರುವವರೆಗೆ ಅವರನ್ನು ನಿನ್ನ ಹತ್ತಿರವೇ ಇರಿಸಿಕೋ. ಅದು ಏನೇ ಇರಲಿ, ಕೂರಿಸಿ, ಕೈ ಹಿಡಿದುಕೊಂಡು ಹೇಳು. ಅವರು ಇನ್ನೂ ಅತ್ತಿಲ್ಲ.